ಬೇಸಿಗೆಯಲ್ಲಿ ಟ್ರೌಟ್, ಸಾಲ್ಮನ್: ಮೊದಲು ನೀರಿನ ಬಿಸಿ ನೋಡಿ, ಆಮೇಲೆ ಗಾಳ ಹಾಕಿ

ರಾಡ್ ಇರುತ್ತದೆ, ರೀಲ್ ಇರುತ್ತದೆ, ಡಬ್ಬಿ ತುಂಬ ಬಣ್ಣಬಣ್ಣದ ಸ್ಪಿನ್ನರ್, ಅಂದರೆ ನೀರಿನಲ್ಲಿ ತಿರುಗುವ ಎಲೆಯಿರುವ ಲೋಹದ ಹುಸಿ ಎರೆ, ಇರುತ್ತವೆ. ಹೆಚ್ಚಿನವರ ಚೀಲದಲ್ಲಿ ಇಲ್ಲದಿರುವುದು ಒಂದೇ, ಥರ್ಮಾಮೀಟರ್. ಬೇಸಿಗೆಯಲ್ಲಿ ಟ್ರೌಟ್ ಎಲ್ಲಿ ನಿಂತಿದೆ, ಯಾವ ಹೊತ್ತಿಗೆ ಬಾಯಿ ತೆರೆಯುತ್ತದೆ, ಹಿಡಿದು ಬಿಟ್ಟರೆ ಬದುಕುತ್ತದೋ ಇಲ್ಲವೋ, ಈ ಮೂರಕ್ಕೂ ಉತ್ತರ ಕೊಡುವುದು ಅದೇ. ಉತ್ತರ ಅಮೆರಿಕದಂಥ ಕಡೆ ನಗರದ ಸುತ್ತಲಿನ ನೀರಿಗಂತೂ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಡಾಂಬರಿನ ಮೇಲೆ ಹರಿದು ಬರುವ ಮಳೆನೀರು, ನೆರಳಿಲ್ಲದ ದಂಡೆ, ಆಳವಿಲ್ಲದ ಕೆರೆ ಇವೆಲ್ಲ ನೀರನ್ನು ಬೇಗ ಕಾಯಿಸುತ್ತವೆ.

ಟ್ರೌಟ್, ಸಾಲ್ಮನ್ ಎರಡೂ ತಣ್ಣೀರಿನ ಮೀನುಗಳು. ರೇನ್‌ಬೋ ಟ್ರೌಟ್ ಚುರುಕಾಗಿ ಮೇಯುವುದು ಸುಮಾರು 12ರಿಂದ 17 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ. 18 ದಾಟಿದರೆ ಮಂಕಾಗುತ್ತದೆ. 20ರ ಮೇಲೆ ಮೇವಿನ ಆಸೆ ಕುಗ್ಗುತ್ತದೆ. 25ರ ಆಸುಪಾಸಿನಲ್ಲಿ ಹೆಚ್ಚು ಹೊತ್ತು ಸಿಕ್ಕಿಬಿದ್ದರೆ ಸಾಯುತ್ತದೆ. ಬ್ರೂಕ್ ಟ್ರೌಟ್‌ಗೆ ಇದಕ್ಕಿಂತಲೂ ತಣ್ಣಗಿನ ನೀರು ಬೇಕು. ತೊಂದರೆ ಬರೀ ಬಿಸಿಯದಲ್ಲ, ಉಸಿರಿನದು. 10 ಡಿಗ್ರಿಯ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 20 ಡಿಗ್ರಿಯಲ್ಲಿ ಅದು 9ಕ್ಕೆ ಇಳಿಯುತ್ತದೆ, 25ರಲ್ಲಿ 8ರ ಹತ್ತಿರಕ್ಕೆ ಬರುತ್ತದೆ. ಅತ್ತ ನೀರು ಬಿಸಿಯಾದಷ್ಟೂ ಮೀನಿನ ಮೈಗೆ ಬೇಕಾದ ಆಮ್ಲಜನಕ ಏರುತ್ತದೆ. ಸಂಬಳ ಇಳಿದು ಖರ್ಚು ಏರಿದ ಮನೆಯ ಸ್ಥಿತಿ ಅದು. ಅಂಥ ಹೊತ್ತಿನಲ್ಲಿ ಗಾಳಕ್ಕೆ ಸಿಕ್ಕಿ ಐದು ನಿಮಿಷ ಹೊಡೆದಾಡಿದ ಮೀನು ಕೈಯಿಂದ ಜಾರಿ ಈಜಿ ಹೋದರೂ ಒಂದೆರಡು ಗಂಟೆಯಲ್ಲಿ ತಳ ಸೇರಬಹುದು. ಬಿಟ್ಟವರ ಕಣ್ಣಿಗೆ ಅದು ಬೀಳುವುದಿಲ್ಲ, ಅಷ್ಟೇ.

ಅಳೆಯುವ ಕ್ರಮ ಸುಲಭ. ಹೊಳೆಯಲ್ಲಾದರೆ ದಡದ ನಿಂತ ನೀರು ಬಿಟ್ಟು, ಹರಿಯುವ ಜಾಗದಲ್ಲಿ, ನೆರಳಿನಲ್ಲಿ, ಮೊಣಕೈ ಮುಳುಗುವಷ್ಟು ಆಳಕ್ಕೆ ಎರಡು ನಿಮಿಷ ಹಿಡಿಯಿರಿ. ಕೆರೆಯಲ್ಲಿ ಮೇಲ್ನೀರಿನ ಲೆಕ್ಕದಿಂದ ಏನೂ ತಿಳಿಯುವುದಿಲ್ಲ, ಆಳದ್ದು ಬೇಕು. ಸಣ್ಣ ಬಾಟಲಿಯೊಳಗೆ ಥರ್ಮಾಮೀಟರ್ ಇಟ್ಟು, ಕುತ್ತಿಗೆಗೆ ದಾರ ಕಟ್ಟಿ, ತಳಕ್ಕೆ ಭಾರ ಕಟ್ಟಿ, ಬಾಯಿ ತೆರೆದೇ ಇಳಿಬಿಡಿ. ದಾರಕ್ಕೆ ಮೀಟರಿಗೊಂದು ಗಂಟು ಹಾಕಿರಲಿ. ಬೇಕಾದ ಆಳದಲ್ಲಿ ನಾಲ್ಕೈದು ಸಲ ಜಗ್ಗಿ ಬಾಟಲಿಯೊಳಗಿನ ನೀರು ಬದಲಾಗಲು ಬಿಟ್ಟು, ಐದು ನಿಮಿಷ ಕಾದು ಸರಸರನೆ ಎಳೆಯಿರಿ. ಬಾಟಲಿಯ ನೀರು ಜೊತೆಗೇ ಬರುವುದರಿಂದ ಮೇಲೆ ಬರುವಷ್ಟರಲ್ಲಿ ಲೆಕ್ಕ ಕೆಡುವುದಿಲ್ಲ. ಬರೀ ಥರ್ಮಾಮೀಟರನ್ನು ಇಳಿಬಿಟ್ಟು ಎಳೆದರೆ ಅದು ತೋರಿಸುವುದು ಮೇಲ್ನೀರಿನ ಬಿಸಿಯನ್ನೇ.

ಯಾವ ನೀರು

ನಗರದಿಂದ ಒಂದೆರಡು ಗಂಟೆ ದೂರದೊಳಗೆ ಸಿಗುವ ನೀರನ್ನು ಬೇಸಿಗೆಯ ಮಟ್ಟಿಗೆ ಹೀಗೆ ವಿಂಗಡಿಸಿಕೊಳ್ಳಬಹುದು.

ಉದ್ಯಾನದ ಸಣ್ಣ ಕೆರೆ. ಮೀನುಗಾರಿಕೆ ಇಲಾಖೆಯವರು ವಸಂತದಲ್ಲಿ ಮರಿಕೇಂದ್ರದಿಂದ ತಂದು ಬಿಟ್ಟ, ಗೇಣುದ್ದಕ್ಕಿಂತ ಸ್ವಲ್ಪ ದೊಡ್ಡ ಟ್ರೌಟ್ ಇಲ್ಲಿರುತ್ತವೆ. ಬೇಸಿಗೆಯ ಮೊದಲ ವಾರಗಳವರೆಗೆ ಚೆನ್ನ. ಆಮೇಲೆ ಮೂರು ಮೀಟರ್ ಆಳವೂ ಇಲ್ಲದ ಕೆರೆ ಮೇಲಿಂದ ಕೆಳಗಿನವರೆಗೆ ಕಾಯುತ್ತದೆ, ಇಲಾಖೆಯವರೂ ಮೀನು ಬಿಡುವುದನ್ನು ನಿಲ್ಲಿಸುತ್ತಾರೆ. ಮೀನು ಬಿಡುವ ವೇಳಾಪಟ್ಟಿ ಬಹಳ ಕಡೆ ಸಾರ್ವಜನಿಕವಾಗಿ ಸಿಗುತ್ತದೆ, ನೋಡಿಕೊಂಡು ಹೊರಡಿ. ಕೊನೆಯ ಸಲ ಮೀನು ಬಿಟ್ಟು ಎರಡು ತಿಂಗಳಾಗಿದ್ದರೆ ಆ ಕೆರೆಯ ಆಸೆ ಬಿಡಿ.

ಆಳದ ಕೆರೆ, ಜಲಾಶಯ. ಬೇಸಿಗೆಯಲ್ಲಿ ಇಲ್ಲಿ ನೀರು ಪದರವಾಗಿ ನಿಲ್ಲುತ್ತದೆ. ಮೇಲೆ ಬೆಚ್ಚಗಿನ ಹಗುರ ನೀರು, ಕೆಳಗೆ ತಣ್ಣಗಿನ ಭಾರದ ನೀರು, ನಡುವೆ ಬಿಸಿ ಇದ್ದಕ್ಕಿದ್ದಂತೆ ಇಳಿಯುವ ಒಂದು ತೆಳು ಪದರ. ಈ ಪದರ ಸಾಮಾನ್ಯವಾಗಿ 5ರಿಂದ 12 ಮೀಟರ್ ಆಳದಲ್ಲಿರುತ್ತದೆ. ಬಾಟಲಿ ಇಳಿಬಿಟ್ಟಾಗ ಒಂದೇ ಮೀಟರಿನಲ್ಲಿ ಎರಡು ಮೂರು ಡಿಗ್ರಿ ಬಿದ್ದರೆ ಅದು ಸಿಕ್ಕಿತು ಅಂತ ತಿಳಿಯಿರಿ. ಟ್ರೌಟ್ ನಿಲ್ಲುವುದು ಅದರ ಸುತ್ತಮುತ್ತ. ತಣ್ಣಗಿದೆಯಲ್ಲ ಅಂತ ನೇರ ತಳಕ್ಕೆ ಎರೆ ಇಳಿಸುವುದು ಮೊದಲ ತಪ್ಪು. ಪಾಚಿ ಹೆಚ್ಚಿರುವ ಕೆರೆಯಲ್ಲಿ ಬೇಸಿಗೆ ನಡುವಿಗೆ ತಳದ ಆಮ್ಲಜನಕ ಕೊಳೆತದಲ್ಲೇ ಮುಗಿದಿರುತ್ತದೆ. ಮೇಲೆ ಸೆಕೆ, ಕೆಳಗೆ ಉಸಿರಿಲ್ಲ, ಹಾಗಾಗಿ ಮೀನೆಲ್ಲ ನಡುವಿನ ಪಟ್ಟಿಯಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ಆಳ ತಿಳಿದವರಿಗೆ ಒಳ್ಳೆಯ ಕಾಲ ಅದು.

ಅಣೆಕಟ್ಟಿನ ಕೆಳಗಿನ ಹೊಳೆ. ಜಲಾಶಯದ ತಳದಿಂದ ನೀರು ಬಿಡುವ ಅಣೆಕಟ್ಟಾದರೆ ಸುಡು ಬೇಸಿಗೆಯಲ್ಲೂ ಕೆಳಗಡೆ 8ರಿಂದ 13 ಡಿಗ್ರಿಯ ನೀರು ಹರಿಯುತ್ತಿರುತ್ತದೆ. ನಡುಬೇಸಿಗೆಗೆ ನಮ್ಮ ಮೊದಲ ಆಯ್ಕೆ ಇದೇ. ಮೇಲಿನಿಂದ ಉಕ್ಕಿಸುವ ಅಣೆಕಟ್ಟಾದರೆ ಲೆಕ್ಕ ತಲೆಕೆಳಗು, ಬಿಸಿನೀರೇ ಬರುತ್ತದೆ. ವಿದ್ಯುತ್ ತಯಾರಿಸುವ ಕಡೆ ನೀರು ಬಿಡುವ ಹೊತ್ತು ವಿಚಾರಿಸದೆ ಹೊಳೆಗಿಳಿಯಬೇಡಿ. ಸೈರನ್ ಕೇಳಿದ ಕೂಡಲೇ ದಡಕ್ಕೆ ಬನ್ನಿ, ಕಾಲಡಿಯ ಕಲ್ಲು ಮುಳುಗಲಿ ಅಂತ ಕಾಯಬೇಡಿ.

ಬೆಟ್ಟದ ತೊರೆ. ಮರದ ನೆರಳು, ಎತ್ತರ, ಒರತೆ ಇದ್ದರೆ ತಣ್ಣಗಿರುತ್ತದೆ. ಒಂದು ಎಚ್ಚರಿಕೆ. ಹೊಳೆಯೆಲ್ಲ 22 ಡಿಗ್ರಿ ಇದ್ದು, ಒರತೆ ಸೇರುವ ಒಂದು ಮೂಲೆಯಲ್ಲಿ ಮಾತ್ರ 15 ಇದ್ದರೆ ಅಲ್ಲಿ ಮೀನು ರಾಶಿ ಬಿದ್ದಿರುತ್ತವೆ. ಅವು ಮೇಯಲು ಬಂದವಲ್ಲ, ಜೀವ ಉಳಿಸಿಕೊಳ್ಳಲು ಬಂದವು. ಅಲ್ಲಿ ಗಾಳ ಹಾಕುವುದು ಆಸ್ಪತ್ರೆಯಲ್ಲಿ ಬೇಟೆಯಾಡಿದ ಹಾಗೆ. ಬಿಟ್ಟು ಮುಂದೆ ಹೋಗಿ.

ದೊಡ್ಡ ಸರೋವರದ ದಂಡೆ. ಉತ್ತರ ಅಮೆರಿಕದ ಮಹಾಸರೋವರಗಳ ನಗರಗಳಲ್ಲಿ ಇದು ಸಿಗುತ್ತದೆ. 1966ರಲ್ಲಿ ಮಿಶಿಗನ್ ಸರೋವರಕ್ಕೆ ಕೋಹೊ ಸಾಲ್ಮನ್ ತಂದು ಬಿಟ್ಟರು, ಮರುವರ್ಷ ಚಿನೂಕ್ ಎಂಬ ಇನ್ನೊಂದು ಸಾಲ್ಮನ್ ಬಂತು. ಬೇಸಿಗೆಯಲ್ಲಿ ಇವು ದೂರದ ಆಳಕ್ಕೆ ಹೋಗಿಬಿಡುತ್ತವೆ, ದಡದಲ್ಲಿ ನಿಂತವರಿಗೆ ಏನೂ ಇಲ್ಲ. ಆದರೆ ನೆಲದ ಕಡೆಯಿಂದ ಸರೋವರದ ಕಡೆಗೆ ಒಂದೆರಡು ದಿನ ಬಿಡದೆ ಗಾಳಿ ಬೀಸಿದರೆ ಮೇಲಿನ ಬಿಸಿನೀರು ಒಳಕ್ಕೆ ತಳ್ಳಲ್ಪಟ್ಟು ಕೆಳಗಿನ ತಣ್ಣೀರು ದಡಕ್ಕೆ ಮೇಲೇಳುತ್ತದೆ. ನಿನ್ನೆ 21 ಇದ್ದ ಕಟ್ಟೆಯ ನೀರು ಇವತ್ತು 12ಕ್ಕೆ ಇಳಿದಿರುತ್ತದೆ, ಅದರ ಹಿಂದೆ ಮೀನೂ ಬರುತ್ತದೆ. ಗಾಳಿ ತಿರುಗಿದರೆ ಆಟ ಮುಗಿಯಿತು.

ಯಾವ ಹೊತ್ತು

ಸಂಜೆ ತಂಪಾಗುತ್ತದೆ, ಆಗ ಹೋಗೋಣ ಅನ್ನುವವರೇ ಹೆಚ್ಚು. ತಂಪಾಗುವುದು ಗಾಳಿ, ನೀರಲ್ಲ. ಹೊಳೆಯ ನೀರು ದಿನದಲ್ಲೇ ಅತಿ ಬಿಸಿಯಾಗಿರುವುದು ಮಧ್ಯಾಹ್ನ ಕಳೆದು ಸಂಜೆಯ ಹೊತ್ತಿಗೆ. ಅಲ್ಲಿಂದ ರಾತ್ರಿಯೆಲ್ಲ ನಿಧಾನವಾಗಿ ಆರಿ, ಸೂರ್ಯ ಹುಟ್ಟುವ ಹೊತ್ತಿಗೆ ಅತಿ ತಣ್ಣಗಿರುತ್ತದೆ. ಅಮೆರಿಕದ ಮೊಂಟಾನಾದಲ್ಲಿ ಹೊಳೆ ಬಿಸಿಯಾದಾಗ ಮಧ್ಯಾಹ್ನ 2ರಿಂದ ಮಧ್ಯರಾತ್ರಿಯವರೆಗೆ ಗಾಳ ಹಾಕುವುದನ್ನು ನಿಷೇಧಿಸುತ್ತಾರೆ. ನಿಷೇಧ ಸಂಜೆಗೂ ಇದೆ, ನಸುಕಿಗೆ ಇಲ್ಲ. ಆದ್ದರಿಂದ ಬೆಳಕು ಹರಿಯುವ ಮುಂಚೆ ನೀರಿನ ಬಳಿ ಇರಿ, ಹತ್ತು ಗಂಟೆಗೆ ಗಂಟುಮೂಟೆ ಕಟ್ಟಿ. ಮೋಡ ಕವಿದ ದಿನವೋ ಹಿಂದಿನ ರಾತ್ರಿ ಮಳೆ ಬಿದ್ದ ದಿನವೋ ಆದರೆ ಒಂದೆರಡು ಗಂಟೆ ಹೆಚ್ಚು ಸಿಗುತ್ತದೆ. ಆಳದ ಕೆರೆಗೂ ಅಣೆಕಟ್ಟಿನ ಕೆಳಗಿನ ಹೊಳೆಗೂ ಈ ಕಟ್ಟುನಿಟ್ಟು ಬೇಡ, ಅಲ್ಲಿ ಸಂಜೆಯೂ ನಡೆಯುತ್ತದೆ.

ಮನೆ ಬಿಡುವ ಮುಂಚೆ

ಪರವಾನಗಿ ತೆಗೆಯಿರಿ. ಸಾಲ್ಮನ್‌ಗೆ ಬಹಳ ಕಡೆ ಅದರ ಜೊತೆಗೆ ಬೇರೆ ಕಾರ್ಡ್ ಬೇಕು. ಮೀನು ಇಟ್ಟುಕೊಂಡ ಕೂಡಲೇ ಅಲ್ಲೇ ಅದರಲ್ಲಿ ಬರೆಯಬೇಕು, ಮನೆಗೆ ಹೋಗಿ ಬರೆಯುತ್ತೇನೆ ಎಂದರೆ ದಂಡ. ಮುದ್ರಿತ ನಿಯಮಪುಸ್ತಕವನ್ನೇ ನಂಬಬೇಡಿ. ಸಾಲ್ಮನ್ ಎಣಿಕೆ ಕಡಿಮೆಯಾದರೆ ಋತುವಿನ ನಡುವೆಯೇ ಹೊಳೆ ಮುಚ್ಚುತ್ತಾರೆ, ನೀರು ಬಿಸಿಯಾದರೂ ಮುಚ್ಚುತ್ತಾರೆ. ಹಿಂದಿನ ರಾತ್ರಿ ಇಲಾಖೆಯ ಪ್ರಕಟಣೆ ನೋಡಿ. ನೋಡಬೇಕಾದ್ದು ಐದು: ಹೊಳೆಯ ಯಾವ ಭಾಗ ತೆರೆದಿದೆ, ಯಾವ ಜಾತಿ, ಎಷ್ಟು ಮೀನು, ಎಷ್ಟು ಉದ್ದ, ಎರೆ ಬಳಸಬಹುದೋ ಬರೀ ಲೂರ್ ಎಂಬ ಕೃತಕ ಎರೆ ಮಾತ್ರವೋ.

ಮರಿಕೇಂದ್ರದಲ್ಲಿ ಬೆಳೆದ ಮೀನನ್ನು ಗುರುತಿಸುವುದು ಕಲಿತಿರಬೇಕು. ಬೆನ್ನಿನ ಮೇಲೆ, ಬಾಲಕ್ಕೆ ಸ್ವಲ್ಪ ಮುಂದೆ, ಮೂಳೆಯಿಲ್ಲದ ಒಂದು ಪುಟ್ಟ ಮೆತ್ತನೆ ರೆಕ್ಕೆ ಇರುತ್ತದೆ. ಬಹಳಷ್ಟು ಮರಿಕೇಂದ್ರದವರು ಮರಿಯಲ್ಲೇ ಅದನ್ನು ಕತ್ತರಿಸಿಬಿಟ್ಟಿರುತ್ತಾರೆ. ಆ ಜಾಗದಲ್ಲಿ ಮಾಗಿದ ಗಾಯದ ಗುರುತಿದ್ದರೆ ಸಾಕಿದ ಮೀನು. ರೆಕ್ಕೆ ಇದ್ದರೆ ಕಾಡುಮೀನೆಂದೇ ಲೆಕ್ಕ. ಶಾಂತಸಾಗರದ ಕರಾವಳಿಯ ಎಷ್ಟೋ ಹೊಳೆಗಳಲ್ಲಿ ರೆಕ್ಕೆ ಇರುವ ಮೀನನ್ನು ಬಿಡಲೇಬೇಕು, ಅದೂ ನೀರಿನಿಂದ ಮೇಲೆತ್ತದೆ. ಎತ್ತಿ ನೋಡಿ ತೀರ್ಮಾನಿಸುತ್ತೇನೆ ಎನ್ನುವ ಹಾಗಿಲ್ಲ.

ಟ್ರೌಟ್‌ಗೆ ಸರಂಜಾಮು

ಎರಡು ಮೀಟರಿನ ಹಗುರ ಸ್ಪಿನ್ನಿಂಗ್ ರಾಡ್, 1000 ಅಥವಾ 2500 ಅಳತೆಯ ರೀಲ್, 6 ಪೌಂಡು ಎಳೆತ ತಾಳುವ ತಂಗೂಸಿ. ಬೇಸಿಗೆಯ ನೀರು ತಿಳಿಯಾಗಿರುವುದರಿಂದ ಕೊನೆಯ ಒಂದು ಮೀಟರ್ 4 ಪೌಂಡಿನ ಫ್ಲೋರೋಕಾರ್ಬನ್, ಅಂದರೆ ನೀರಿನಲ್ಲಿ ಅಷ್ಟಾಗಿ ಕಾಣದ ದಾರ, ಆದರೆ ಕಚ್ಚುವುದು ಹೆಚ್ಚು. ಅದಕ್ಕಿಂತ ತೆಳ್ಳಗೆ ಹೋಗಬೇಡಿ. ತೆಳ್ಳಗಿನ ದಾರದಲ್ಲಿ ಮೀನನ್ನು ಮೆಲ್ಲಗೆ ಆಡಿಸಿ ಆಡಿಸಿ ತರಬೇಕಾಗುತ್ತದೆ, ಬಿಸಿನೀರಿನಲ್ಲಿ ಅದೇ ಅದನ್ನು ಕೊಲ್ಲುವುದು. ರೀಲಿನ ಬಿಗಿತ ದಾರದ ತಾಳಿಕೆಯ ನಾಲ್ಕನೇ ಒಂದು ಭಾಗಕ್ಕೆ ಇರಲಿ: ಕೈಯಲ್ಲಿ ಜಗ್ಗಿದರೆ ತುಸು ಬಿಗಿಯಾಗಿ, ಆದರೆ ಜರ್ಕಿಲ್ಲದೆ ಬಿಚ್ಚಿಕೊಳ್ಳಬೇಕು. ದಾರ ಮುಳುಗಲು ಕಟ್ಟುವ ಸೀಸದ ಗುಂಡು ಬಹಳ ಕಡೆ ನಿಷೇಧ. ನುಂಗಿದ ನೀರುಹಕ್ಕಿಗಳು ಸಾಯುತ್ತವೆ. ತವರದ್ದೋ ಟಂಗ್‌ಸ್ಟನ್‌ದೋ ಕೊಳ್ಳಿ.

ಕೆರೆಯ ದಡದಿಂದ ಹಿಡಿಯಲು ಜಾರುಗುಂಡಿನ ಕಟ್ಟಿಗಿಂತ ಒಳ್ಳೆಯದಿಲ್ಲ. ಕಟ್ಟುವ ಕ್ರಮ:

1. ರೀಲಿನಿಂದ ಬಂದ ದಾರವನ್ನು 7ರಿಂದ 10 ಗ್ರಾಮಿನ ತೂತಿನ ಗುಂಡಿನೊಳಗೆ ಪೋಣಿಸಿ.
2. ಅದರ ಹಿಂದೆ ಒಂದು ಪ್ಲಾಸ್ಟಿಕ್ ಮಣಿ. ಗುಂಡು ಗಂಟಿಗೆ ಬಡಿದು ದಾರ ಸವೆಯದಿರಲಿ ಅಂತ.
3. ತುದಿಗೆ ಸಣ್ಣ ಸ್ವಿವೆಲ್, ಅಂದರೆ ಎರಡೂ ಬದಿಗೆ ಕಣ್ಣಿರುವ ತಿರುಗುವ ಕೊಂಡಿ, ಕಟ್ಟಿ. ದಾರವನ್ನು ಕಣ್ಣಿನಲ್ಲಿ ತೂರಿಸಿ, ತನ್ನ ಮೇಲೇ ಐದಾರು ಸುತ್ತು ಸುತ್ತಿ, ತುದಿಯನ್ನು ಕಣ್ಣಿನ ಪಕ್ಕದ ಕುಣಿಕೆಯಲ್ಲಿ ತೂರಿಸಿ, ಆಗಾದ ದೊಡ್ಡ ಕುಣಿಕೆಯಲ್ಲಿ ಇನ್ನೊಮ್ಮೆ ತೂರಿಸಿ. ಎಂಜಲು ಹಚ್ಚಿ ಒದ್ದೆ ಮಾಡಿ ಬಿಗಿಯಿರಿ. ಒಣಗಂಟು ಬಿಗಿದರೆ ಉಜ್ಜಿದ ಬಿಸಿಗೆ ತಂಗೂಸಿ ಸುರುಟುತ್ತದೆ. ಮೀನು ಜಗ್ಗಿದಾಗ ಅಲ್ಲೇ ಹರಿಯುತ್ತದೆ. ತುದಿ ಹಂದಿಬಾಲದ ಹಾಗೆ ಸುರುಳಿಯಾಗಿ ವಾಪಸ್ ಬಂದರೆ ಹರಿದದ್ದಲ್ಲ, ಗಂಟು ಜಾರಿದ್ದು ಅಂತ ಅರ್ಥ.
4. ಸ್ವಿವೆಲ್‌ನ ಇನ್ನೊಂದು ಬದಿಗೆ 45ರಿಂದ 90 ಸೆಂಟಿಮೀಟರ್ ತೆಳು ದಾರ, ಅದರ ತುದಿಗೆ 10 ಅಥವಾ 12ನೇ ನಂಬರಿನ ಕೊಕ್ಕೆ.
5. ತೇಲುವ ಹಿಟ್ಟಿನ ಎರೆಯನ್ನು ಬಟಾಣಿ ಗಾತ್ರಕ್ಕೆ ಉಂಡೆ ಮಾಡಿ ಕೊಕ್ಕೆ ಪೂರ್ತಿ ಮುಚ್ಚುವಂತೆ ಒತ್ತಿ.
6. ಎಸೆಯುವ ಮುಂಚೆ ಕಾಲ ಬುಡದ ನೀರಿಗೆ ಬಿಟ್ಟು ನೋಡಿ. ಉಂಡೆ ಕೊಕ್ಕೆಯನ್ನು ಹೊತ್ತು ಮೇಲಕ್ಕೆ ಏಳಬೇಕು. ಏಳದಿದ್ದರೆ ಕೊಕ್ಕೆ ಭಾರವಾಯಿತು ಅಥವಾ ಎರೆ ಕಡಿಮೆಯಾಯಿತು.

ಹೆಚ್ಚಿನವರು ಬಿಟ್ಟುಬಿಡುವುದು ಈ ಆರನೇ ಹೆಜ್ಜೆಯನ್ನೇ. ಏಳದ ಎರೆ ತಳದ ಪಾಚಿಯೊಳಗೆ ಹೂತು ಕೂರುತ್ತದೆ, ಮೇಲೆ ಈಜುವ ಟ್ರೌಟ್‌ಗೆ ಕಾಣುವುದೇ ಇಲ್ಲ. ಗುಂಡು ಎಳೆದಾಗ ಹಸಿರು ಕಳೆ ಅಂಟಿ ಬಂದರೆ ಕಳೆ ಎಷ್ಟು ಎತ್ತರ ಬೆಳೆದಿದೆಯೋ ಅದಕ್ಕಿಂತ ಒಂದು ಗೇಣು ಉದ್ದದ ತೆಳುದಾರ ಕಟ್ಟಿ. ಎಸೆದ ಮೇಲೆ ರೀಲಿನ ದಾರ ತಡೆಯುವ ಕಂಬಿ ತೆರೆದಿಟ್ಟು ದಾರ ಸಡಿಲ ಬಿಡಿ. ಕಚ್ಚಿದ ಮೀನು ದಾರವನ್ನು ಗುಂಡಿನೊಳಗಿಂದ ಜಾರಿಸಿಕೊಂಡು ಹೋಗುತ್ತದೆ, ಭಾರ ತಿಳಿಯುವುದಿಲ್ಲ. ಒಂದು ಮೀಟರ್ ಹೋದ ಕೂಡಲೇ ಕಂಬಿ ಮುಚ್ಚಿ ಎತ್ತಿ. ತಡಮಾಡಿದರೆ ಕೊಕ್ಕೆ ಹೊಟ್ಟೆ ಸೇರುತ್ತದೆ. ಈ ಕಟ್ಟಿನ ದೊಡ್ಡ ದೋಷವೂ ಅದೇ, ಆದ್ದರಿಂದ ತಿನ್ನಲು ಇಟ್ಟುಕೊಳ್ಳುವ ಮೀನಿಗೆ ಮಾತ್ರ ಬಳಸಿ. ಬಿಡುವ ಉದ್ದೇಶವಿದ್ದರೆ ಎರೆ ಬೇಡ, ಲೂರ್ ಸಾಕು.

ಹೊಳೆಯಲ್ಲಿ 0ಯಿಂದ 2ನೇ ನಂಬರಿನ ಸ್ಪಿನ್ನರ್. ಬಿಸಿಲಿಗೆ ತಾಮ್ರದ ಬಣ್ಣ, ಮಸುಕಿಗೆ ಬೆಳ್ಳಿ. ಪ್ರವಾಹಕ್ಕೆ ಅಡ್ಡಲಾಗಿ, ತುಸು ಮೇಲ್ಮುಖವಾಗಿ ಎಸೆಯಿರಿ. ಎಲೆ ತಿರುಗುವ ನಡುಕ ರಾಡಿನ ತುದಿಯಲ್ಲಿ ಕೈಗೆ ತಿಳಿಯುವಷ್ಟೇ ವೇಗದಲ್ಲಿ ಸುತ್ತಿ, ಹೆಚ್ಚು ಬೇಡ. ನಡುಕ ನಿಂತಿದ್ದರೆ ಸ್ಪಿನ್ನರ್ ಬರೀ ಕಬ್ಬಿಣದ ಚೂರು. ಬೇಸಿಗೆಯಲ್ಲಿ ಟ್ರೌಟ್ ನಿಲ್ಲುವುದು ನಿಧಾನದ ಮಡುವಿನಲ್ಲಲ್ಲ, ಮಡುವಿನ ತಲೆಯಲ್ಲಿ: ನೊರೆ ಎದ್ದು ನೀರು ಬೀಳುವ ಜಾಗದಲ್ಲಿ, ಬಂಡೆಯ ಹಿಂದೆ. ಅಲ್ಲಿ ಗಾಳಿ ಬೆರೆತು ಆಮ್ಲಜನಕ ಹೆಚ್ಚಿರುತ್ತದೆ. ಕೃತಕ ನೊಣ ಬಳಸುವವರಿಗೆ ಬೇಸಿಗೆ ಬೇರೆಯೇ ಸೊಗಸು. ದಡದ ಹುಲ್ಲಿನಿಂದ ಇರುವೆ, ಜೀರುಂಡೆ, ಮಿಡತೆ ನೀರಿಗೆ ಬೀಳುತ್ತಿರುತ್ತವೆ. ಮಿಡತೆಯಂಥ ನೊಣವನ್ನು ದಡದಿಂದ ಒಂದು ಮೊಳದೊಳಗೆ ಟಪ್ ಎಂದು ಸದ್ದಾಗುವಂತೆ ಬೀಳಿಸಿದರೆ ಸಾಕು.

ಕೊಕ್ಕೆಯ ಮೊನೆಯ ಹಿಂದಿನ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಬಿಡಿ. ಹತ್ತಿಬಟ್ಟೆಗೆ ಚುಚ್ಚಿ ಎಳೆದು ನೋಡಿ, ಎಳೆ ಸಿಕ್ಕಿಕೊಂಡರೆ ಇನ್ನೊಮ್ಮೆ ಒತ್ತಿ. ಮುಳ್ಳಿಲ್ಲದಿದ್ದರೆ ಮೀನು ತಪ್ಪಿಸಿಕೊಳ್ಳುತ್ತದೆ ಎನ್ನುವ ಭಯ ಬೇಡ, ದಾರ ಬಿಗಿಯಾಗಿ ಇಟ್ಟುಕೊಂಡರೆ ತಪ್ಪುವುದು ಕಡಿಮೆ. ನಿಮ್ಮ ಬೆರಳಿಗೇ ಚುಚ್ಚಿಕೊಂಡ ದಿನ ಇದರ ಬೆಲೆ ಗೊತ್ತಾಗುತ್ತದೆ.

ಸಾಲ್ಮನ್‌ನ ಲೆಕ್ಕ ಬೇರೆ

ಸಮುದ್ರದಿಂದ ಹೊಳೆಗೆ ಬಂದ ಸಾಲ್ಮನ್ ಹೊಟ್ಟೆ ತುಂಬಿಸಿಕೊಳ್ಳಲು ತಿನ್ನುವುದಿಲ್ಲ. ಮೊಟ್ಟೆಯಿಡುವ ಜಾಗ ಸೇರುವುದೊಂದೇ ಅದರ ಕೆಲಸ. ಕಚ್ಚಿದರೆ ಅದು ಸಿಟ್ಟಿಗೋ ಹಳೇ ಅಭ್ಯಾಸಕ್ಕೋ. ಹಾಗಾಗಿ ಹಸಿದ ಮೀನಿಗೆ ರುಚಿ ತೋರಿಸುವ ಯೋಚನೆ ಬಿಟ್ಟು, ದಾರಿಯಲ್ಲಿ ಹೋಗುವವನ ಮೂಗಿನ ಮುಂದೆ ಏನಾದರೂ ಹಾಯಿಸಿ ಕೆರಳಿಸುವ ಯೋಚನೆ ಮಾಡಬೇಕು. ಹೊಳೆಗೆ ಹೊಸದಾಗಿ ಬಂದ, ಇನ್ನೂ ಬೆಳ್ಳಿಯಂತೆ ಹೊಳೆಯುವ ಮೀನು ಹೆಚ್ಚು ಕಚ್ಚುತ್ತದೆ. ಕೆಂಪು ಕಪ್ಪಾಗಿ ಮೊಟ್ಟೆಯಿಡಲು ಕೂತಿರುವುದನ್ನು ಬಿಟ್ಟುಬಿಡಿ, ಹಿಡಿದರೂ ಮಾಂಸ ಸಪ್ಪೆ.

ಶಾಂತಸಾಗರದ ಕಡೆ ಬೇಸಿಗೆಯಲ್ಲಿ ಬರುವ ಸಾಲ್ಮನ್ ಜಾತಿಗಳು ಸಾಕೈ, ಚಿನೂಕ್, ಪಿಂಕ್. ಬೇಸಿಗೆ ಮುಗಿಯುವಾಗ ಕೋಹೊ. ಪಿಂಕ್‌ನ ಆಯುಸ್ಸು ಸರಿಯಾಗಿ ಎರಡು ವರ್ಷ, ಹಾಗಾಗಿ ಕೆನಡಾದ ಫ್ರೇಸರ್ ನದಿಗೂ ಅಮೆರಿಕದ ಸಿಯಾಟಲ್ ಸುತ್ತಿನ ಹೊಳೆಗಳಿಗೂ ಅದು ದಂಡಿಯಾಗಿ ಬರುವುದು ಬೆಸ ವರ್ಷಗಳಲ್ಲಿ. ಹೊಸಬರು ಕಲಿಯಲು ಇದರಷ್ಟು ಸಲೀಸಾದ ಸಾಲ್ಮನ್ ಬೇರೆ ಇಲ್ಲ. ಗುರುತು ಹೀಗೆ: ಚಿನೂಕ್‌ನ ಕೆಳದವಡೆಯ ಒಸಡು ಕಪ್ಪು, ಬಾಲದ ಎರಡೂ ಕವಲಿನಲ್ಲಿ ಚುಕ್ಕೆ. ಕೋಹೊ ಬಾಯಿ ಕಪ್ಪಾದರೂ ಹಲ್ಲಿನ ಬುಡದ ಒಸಡು ಬಿಳಿ, ಚುಕ್ಕೆ ಬಾಲದ ಮೇಲಿನ ಕವಲಿನಲ್ಲಿ ಮಾತ್ರ. ಪಿಂಕ್‌ನ ಬಾಲದಲ್ಲಿ ದೊಡ್ಡ ಮೊಟ್ಟೆಯಾಕಾರದ ಮಚ್ಚೆಗಳು. ಸಾಕೈಗೆ ದೊಡ್ಡ ಚುಕ್ಕೆಗಳೇ ಇಲ್ಲ. ಅಟ್ಲಾಂಟಿಕ್ ಸಾಲ್ಮನ್ ಬೇರೆ ಜಾತಿ. ಬಹಳ ಹೊಳೆಗಳಲ್ಲಿ ಅದನ್ನು ಕೃತಕ ನೊಣದಿಂದ ಮಾತ್ರ ಹಿಡಿಯಬೇಕು, ಬಿಡಬೇಕು.

ಬಿಸಿಯ ಲೆಕ್ಕ ಸಾಲ್ಮನ್‌ಗೂ ಇದೆ. ನೀರು 20-21 ದಾಟಿದರೆ ಅವು ಮೇಲೆ ಹತ್ತುವುದನ್ನೇ ನಿಲ್ಲಿಸಿ ತಣ್ಣೀರು ಹುಡುಕುತ್ತವೆ. 2015ರಲ್ಲಿ ಕೊಲಂಬಿಯಾ ನದಿ ಬಿಸಿಯಾಗಿ ಎರಡು ಲಕ್ಷಕ್ಕೂ ಹೆಚ್ಚು ಸಾಕೈ ದಾರಿಯಲ್ಲೇ ಸತ್ತವು.

ಸಮುದ್ರಕ್ಕೆ ಹತ್ತಿರದ ನಗರವಾದರೆ ಉಬ್ಬರದ ಪಟ್ಟಿ ನೋಡಿ. ಮೀನು ಏರುನೀರಿನ ಜೊತೆ ಹೊಳೆಗೆ ನುಗ್ಗುತ್ತದೆ, ಏರು ಮುಗಿಯುವ ಮುಂಚಿನ ಎರಡು ಗಂಟೆ ಮತ್ತು ಆಮೇಲಿನ ಒಂದು ಗಂಟೆ ಒಳ್ಳೆಯದು. ಅಲಾಸ್ಕದ ಆ್ಯಂಕರೇಜ್‌ನಲ್ಲಿ ಶಿಪ್ ಕ್ರೀಕ್ ನಗರದ ನಡುವೆಯೇ ಹರಿಯುತ್ತದೆ. ಜೂನ್‌ನಲ್ಲಿ ಚಿನೂಕ್, ಆಗಸ್ಟ್‌ನಲ್ಲಿ ಕೋಹೊ, ಎರಡೂ ಉಬ್ಬರದೊಂದಿಗೆ ಏರುತ್ತವೆ. ಅಲ್ಲಿ ನೀರು ಇಳಿದಾಗ ಬಯಲಾಗುವ ಕೆಸರಿಗೆ ಕಾಲಿಟ್ಟರೆ ಹೂತು ಹೋಗಿ, ಮುಂದಿನ ಏರುನೀರಿನೊಳಗೆ ಬಿಡಿಸಿಕೊಳ್ಳಲಾಗದೆ ಇರಬಹುದು. ಬೂದು ಬಣ್ಣದ ಕೆಸರು ಎಷ್ಟು ಗಟ್ಟಿಯಾಗಿ ಕಂಡರೂ ನಂಬಬೇಡಿ.

ಸರಂಜಾಮು: 2.6ರಿಂದ 2.9 ಮೀಟರಿನ ಗಟ್ಟಿ ರಾಡ್, 4000 ಅಳತೆಯ ರೀಲ್, 30 ಪೌಂಡಿನ ಹೆಣೆದ ದಾರ, ತುದಿಗೆ 15 ಪೌಂಡಿನ ಒಂದು ಮಾರು ತಂಗೂಸಿ. ಪಿಂಕ್‌ಗೆ ಇಷ್ಟು ಬೇಡ, 10 ಪೌಂಡು ಧಾರಾಳ.

ಬೆಂಡು ತೇಲಿಸಿ ಹಿಡಿಯುವ ಕ್ರಮ ಹೊಳೆಗೆ ಎಲ್ಲಕ್ಕಿಂತ ಹೊಂದುತ್ತದೆ. ಮೊದಲು ಬೆಂಡು ಸರಿಯುವುದನ್ನು ತಡೆಯುವ ಗಂಟು, ಮಣಿ, 14ರಿಂದ 20 ಗ್ರಾಂ ಹೊರುವ ಜಾರುಬೆಂಡು, ಅದಕ್ಕೆ ತಕ್ಕ ಗುಂಡು, ಸ್ವಿವೆಲ್, 50 ಸೆಂಟಿಮೀಟರ್ ತುದಿದಾರ, ಕೊನೆಗೆ ಗುಂಡುತಲೆಯ ಕೊಕ್ಕೆಯಾದ ಜಿಗ್ ಅಥವಾ ಉಪ್ಪಿನಲ್ಲಿ ಹದ ಮಾಡಿದ ಸಾಲ್ಮನ್ ಮೊಟ್ಟೆಯ ಗೊಂಚಲು. ಆಳ ಹೊಂದಿಸುವುದರಲ್ಲೇ ಎಲ್ಲ ಇರುವುದು. ತಡೆಗಂಟನ್ನು ಮೇಲಕ್ಕೆ ಸರಿಸುತ್ತಾ ಎಸೆಯಿರಿ. ಬೆಂಡು ಹರಿವಿನ ಕಡೆಗೆ ವಾಲಿ ತೊದಲಿದಂತೆ ನಿಂತು ನಿಂತು ಹೋದರೆ ಎರೆ ತಳಕ್ಕೆ ಒರೆಯುತ್ತಿದೆ ಎಂದು ಅರ್ಥ. ಆಗ ಗಂಟನ್ನು ಒಂದು ಗೇಣು ಕೆಳಗೆ ಸರಿಸಿದರೆ ಎರೆ ತಳದಿಂದ ಗೇಣಿನಷ್ಟು ಮೇಲೆ, ಸಾಲ್ಮನ್‌ನ ಕಣ್ಣಿನ ಮಟ್ಟದಲ್ಲಿ ಹೋಗುತ್ತದೆ. ಬೆಂಡಿನಿಂದ ರಾಡಿಗೆ ಬರುವ ದಾರ ನೀರಿನ ಮೇಲೆ ಬಿಲ್ಲಿನಂತೆ ಬಾಗಿದ್ದರೆ ಸೆಳವು ಅದನ್ನು ಹಿಡಿದು ಬೆಂಡನ್ನು ಓಡಿಸುತ್ತದೆ. ರಾಡ್ ಎತ್ತಿ ಆ ದಾರವನ್ನು ಮೇಲ್ಮುಖವಾಗಿ ಮಗುಚಿ ಹಾಕುತ್ತಿರಿ. ಬೆಂಡು ಮುಳುಗುವುದನ್ನೇ ಕಾಯಬೇಡಿ. ತುಸು ನಿಂತರೂ, ಪಕ್ಕಕ್ಕೆ ಸರಿದರೂ ಎತ್ತಿ. ಹತ್ತರಲ್ಲಿ ಏಳು ಸಲ ಕಲ್ಲೇ ಇರಲಿ, ಎತ್ತಿ.

ಜನ ಸಾಲಾಗಿ ನಿಂತ ಕಡೆ ಪಕ್ಕದವರ ತಾಳಕ್ಕೆ ತಾಳ ಸೇರಿಸಿ ಎಸೆಯಬೇಕು. ಯಾರಿಗಾದರೂ ಮೀನು ಸಿಕ್ಕಿದರೆ ಕೂಡಲೇ ನಿಮ್ಮ ದಾರ ಸುತ್ತಿಕೊಳ್ಳಿ. ಹೊಟ್ಟೆಗೋ ಬಾಲಕ್ಕೋ ಕೊಕ್ಕೆ ಸಿಕ್ಕ ಮೀನು ನಿಮ್ಮದಲ್ಲ, ಬಿಡಬೇಕು. ಬೇಕೆಂದೇ ಹಾಗೆ ಎಳೆಯುವವರು ಪ್ರತಿ ಹೊಳೆಯಲ್ಲೂ ಇರುತ್ತಾರೆ. ಪಕ್ಕದಲ್ಲಿ ನಿಂತು ಅದನ್ನು ಕಲಿಯಬೇಡಿ.

ಬಿಡುವುದಾದರೆ

ಬೇಗ ತನ್ನಿ, ಟ್ರೌಟ್ ಒಂದೆರಡು ನಿಮಿಷದೊಳಗೆ. ರಬ್ಬರಿನ ಬಲೆ ಇರಲಿ, ಗಂಟಿನ ನೈಲಾನ್ ಬಲೆ ಮೈಯ ಲೋಳೆ ಕೀಳುತ್ತದೆ. ಕೈ ಒದ್ದೆ ಮಾಡಿ ಮುಟ್ಟಿ. ಮೀನು ನೀರಿನಲ್ಲೇ ಇರುವಾಗ ಕೊಕ್ಕೆ ತಿರುಗಿಸಿ ತೆಗೆಯಿರಿ. ಫೋಟೊ ಬೇಕೇ ಬೇಕೆಂದರೆ ಎತ್ತುವವರು ಉಸಿರು ಕಟ್ಟಿ ಎತ್ತಲಿ. ತಮಗೆ ಕಷ್ಟವಾಗುವ ಮುಂಚೆಯೇ ಇಳಿಸಲಿ. ಕೊಕ್ಕೆ ಗಂಟಲಲ್ಲಿದ್ದರೆ ಕೆದಕದೆ ದಾರವನ್ನು ಬಾಯಿಯ ಹತ್ತಿರ ಕತ್ತರಿಸಿ. ಆಮೇಲೆ ತಲೆ ಹರಿವಿಗೆ ಎದುರಾಗಿರುವಂತೆ ಹಿಡಿದಿರಿ, ಹಿಂದೆ ಮುಂದೆ ಆಡಿಸಬೇಡಿ. ಹಿಂದಕ್ಕೆ ಎಳೆದರೆ ಕಿವಿರಿನಲ್ಲಿ ನೀರು ತಪ್ಪು ದಾರಿಯಲ್ಲಿ ಹೋಗುತ್ತದೆ. ತಾನಾಗಿ ಬಾಲ ಬೀಸಿ ಹೋಗುವವರೆಗೆ ಕಾಯಿರಿ. ನೀರು 20 ಡಿಗ್ರಿ ದಾಟಿದ್ದರೆ ಇಷ್ಟೆಲ್ಲ ಮಾಡಿಯೂ ಉಪಯೋಗ ಕಡಿಮೆ, ಆ ದಿನ ರಾಡ್ ಬಿಚ್ಚಿ. ಬೆಚ್ಚಗಿನ ನೀರನ್ನು ತಾಳುವ ಬಾಸ್‌ನಂಥ ಮೀನು ಬಹಳ ಕಡೆ ಅದೇ ಕೆರೆಯಲ್ಲಿ ಇರುತ್ತದೆ.

ಇಟ್ಟುಕೊಳ್ಳುವುದಾದರೆ

ದಾರಕ್ಕೆ ಪೋಣಿಸಿ ಬಿಸಿನೀರಿನಲ್ಲಿ ನೇತುಹಾಕುವುದು ಬೇಸಿಗೆಯ ದೊಡ್ಡ ಅಪರಾಧ. ಮೀನು ನರಳಿ ಸಾಯುತ್ತದೆ, ಮಾಂಸ ಅಲ್ಲೇ ಮೆತ್ತಗಾಗುತ್ತದೆ. ಸಿಕ್ಕ ಕೂಡಲೇ ಕಣ್ಣಿನ ಹಿಂದೆ, ನೆತ್ತಿಯ ಮೇಲೆ ಒಂದು ಗಟ್ಟಿ ಪೆಟ್ಟು. ಕಿವಿರಿನ ಒಂದು ಕಮಾನು ಕತ್ತರಿಸಿ ನೀರಿನಲ್ಲಿ ಐದು ನಿಮಿಷ ರಕ್ತ ಇಳಿಯಲು ಬಿಡಿ. ಹೊಟ್ಟೆ ಸೀಳಿ ಕರುಳು ತೆಗೆದು, ಬೆನ್ನುಮೂಳೆಗೆ ಅಂಟಿದ ಕಡುಗೆಂಪು ಪಟ್ಟಿಯನ್ನು ಉಗುರಿನಿಂದಲೋ ಚಮಚದಿಂದಲೋ ಕೆರೆದು ತೊಳೆಯಿರಿ. ವಾಸನೆ ಶುರುವಾಗುವುದು ಅಲ್ಲಿಂದಲೇ. ಮೀನಿನಷ್ಟೇ ತೂಕದ ಪುಡಿ ಮಂಜುಗಡ್ಡೆ ಡಬ್ಬಿಯಲ್ಲಿರಲಿ, ಹೊಟ್ಟೆಯೊಳಗೂ ಒಂದು ಹಿಡಿ ತುಂಬಿ.

ಹಸಿಯಾಗಿ ತಿನ್ನುವ ಯೋಚನೆ ಇದ್ದರೆ ಮೈನಸ್ 20 ಡಿಗ್ರಿಯಲ್ಲಿ 7 ದಿನ ಗಟ್ಟಿಸಿದ ಮೇಲೆ ಮಾತ್ರ, ಇಲ್ಲದಿದ್ದರೆ ಪರಾವಲಂಬಿ ಹುಳು ಬದುಕಿರುತ್ತದೆ. ನಾಯಿಗಂತೂ ಶಾಂತಸಾಗರದ ಕರಾವಳಿಯ ಹಸಿ ಸಾಲ್ಮನ್ ತುಣುಕನ್ನೂ ಹಾಕಬೇಡಿ, ಕರುಳನ್ನು ದಡದಲ್ಲಿ ಎಸೆಯಲೂ ಬೇಡಿ. ಅದರಲ್ಲಿನ ಚಪ್ಪಟೆಹುಳು ಹೊತ್ತು ತರುವ ಬ್ಯಾಕ್ಟೀರಿಯಾ ನಾಯಿಯನ್ನು ಒಂದೆರಡು ವಾರದಲ್ಲಿ ಕೊಲ್ಲಬಹುದು.

ನಗರದ ಕೆರೆಯ ಮೀನನ್ನು ವಾರಕ್ಕೆ ಎಷ್ಟು ತಿನ್ನಬಹುದು ಎಂಬ ಆರೋಗ್ಯ ಇಲಾಖೆಯ ಸೂಚನೆ ಓದಿ. ಹಳೇ ಕಾರ್ಖಾನೆಗಳ ಪಿಸಿಬಿ ರಾಸಾಯನಿಕ ಕೊಬ್ಬಿನಲ್ಲಿ ಕೂರುತ್ತದೆ. ಚರ್ಮ, ಹೊಟ್ಟೆಯ ಕೊಬ್ಬು ತೆಗೆದು, ಸುಟ್ಟು ಜಿಡ್ಡು ಇಳಿಸಿದರೆ ಕಡಿಮೆಯಾಗುತ್ತದೆ. ಪಾದರಸ ಮಾಂಸದಲ್ಲೇ ಇರುತ್ತದೆ, ಅದನ್ನು ಕತ್ತರಿಸಿ ತೆಗೆಯಲಾಗದು. ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಪಾಚಿ ತೇಲುತ್ತಿದ್ದರೆ ಆ ಕೆರೆಗೆ ಕೈಯನ್ನೂ ಅದ್ದಬೇಡಿ.

ಮನೆಗೆ ಬಂದ ಮೇಲೆ

ಬೂಟು, ಬಲೆ, ಪ್ಯಾಂಟು ಎಲ್ಲವನ್ನೂ ಕೆಸರು ಹೋಗುವಂತೆ ಉಜ್ಜಿ ಬಿಸಿಲಲ್ಲಿ ಪೂರ್ತಿ ಒಣಗಿಸಿ. ಒಂದು ಹೊಳೆಯ ಪಾಚಿಯನ್ನು, ಮೀನುರೋಗವನ್ನು ಇನ್ನೊಂದಕ್ಕೆ ಒಯ್ಯುವುದು ಒದ್ದೆ ಬೂಟು. ಉಣ್ಣೆಯಂಥ ಫೆಲ್ಟ್ ಅಟ್ಟೆಯ ಬೂಟು ಹೊರಗೆ ಒಣಗಿದಂತೆ ಕಂಡರೂ ಒಳಗೆ ದಿನಗಟ್ಟಲೆ ತೇವ ಇಟ್ಟುಕೊಳ್ಳುತ್ತದೆ. ನ್ಯೂಜಿಲೆಂಡ್ 2008ರಲ್ಲೇ ಅದನ್ನು ನಿಷೇಧಿಸಿತು. ಮೊಳೆ ಹೊಡೆದ ರಬ್ಬರ್ ಅಟ್ಟೆ ಕೊಳ್ಳಿ. ಎದೆಮಟ್ಟದ ನೀರುಡುಪಿಗೆ ಸೊಂಟದ ಪಟ್ಟಿ ಮರೆಯದೆ ಬಿಗಿಯಿರಿ, ಬಿದ್ದರೆ ನೀರು ಕಾಲಿನವರೆಗೆ ತುಂಬುವುದನ್ನು ತಡೆಯುವುದು ಅದು. ಕೊನೆಗೆ ದಿನಾಂಕ, ಹೊತ್ತು, ನೀರಿನ ಬಿಸಿ, ಎಷ್ಟು ಆಳದಲ್ಲಿ ಕಚ್ಚಿತು, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಆ ಕೆರೆಯ ತಣ್ಣೀರಿನ ಪದರ ಯಾವ ವಾರ ಎಷ್ಟು ಮೀಟರಿಗೆ ಇಳಿಯುತ್ತದೆ ಎಂಬುದು ಅದರಲ್ಲೇ ಸಿಗುತ್ತದೆ.